ನೆರೆಗೂ ಬರಕ್ಕೂ ಒಂದೇ ನಿಧಿ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ವಿಪತ್ತು ಪರಿಹಾರದ ಹಣ ಬರುವ ಬಗೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಜನರಿಗೆ ನೆರೆ ಹಾಗೂ ಬರ ಎರಡೂ ಪರಿಚಿತ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿಯ ನೀರು ಮನೆಯೊಳಗೆ ನುಗ್ಗಿದ ಪ್ರದೇಶವೇ 2023ರಲ್ಲಿ ಮುಂಗಾರು ಕೈಕೊಟ್ಟು ಬೆಳೆ ಒಣಗುವುದನ್ನು ಕಂಡಿತು. ಎರಡೂ ಸಂದರ್ಭಗಳಲ್ಲಿ ಸಂತ್ರಸ್ತರು ಕೇಳಿದ ಪ್ರಶ್ನೆ ಒಂದೇ: ಸರ್ಕಾರದ ಹಣ ಎಷ್ಟು ಬರುತ್ತದೆ, ಯಾರಿಗೆ ಬರುತ್ತದೆ, ಯಾವಾಗ ಬರುತ್ತದೆ? ಈ ಹಣದ ಮೂಲ, ಅದನ್ನು ಹಂಚುವ ನಿಯಮ, ಅದು ಫಲಾನುಭವಿಯ ಖಾತೆ ತಲುಪುವ ದಾರಿ ಹಾಗೂ ವಿಪತ್ತು ಸಂಭವಿಸುವ ಮೊದಲೇ ಮಾಡಬೇಕಾದ ವೆಚ್ಚದ ಸ್ಥಿತಿಗತಿಯನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ನದಿ ಮತ್ತು ನೆಲ

ಮಲಪ್ರಭಾ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಪಶ್ಚಿಮ ಘಟ್ಟದ ಆ ಭಾಗದಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಹರಿದು ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ ಭಾಗವನ್ನು ದಾಟಿ ಸವದತ್ತಿ ತಾಲ್ಲೂಕನ್ನು ಪ್ರವೇಶಿಸುವ ಹೊತ್ತಿಗೆ ಮಳೆಯ ಪ್ರಮಾಣ ತೀವ್ರವಾಗಿ ಕುಸಿದಿರುತ್ತದೆ. ಸವದತ್ತಿ ಮತ್ತು ರಾಮದುರ್ಗದಲ್ಲಿ ವಾರ್ಷಿಕ ಮಳೆ ಸ್ಥೂಲವಾಗಿ 600 ಮಿಲಿಮೀಟರ್ ಆಸುಪಾಸಿನಲ್ಲಿದೆ. ತಮ್ಮ ಹೊಲಕ್ಕೆ ಮಳೆ ಬೀಳದ ವರ್ಷದಲ್ಲಿಯೂ ಘಟ್ಟದಲ್ಲಿ ಬಿದ್ದ ಮಳೆಯಿಂದ ನೆರೆ ಕಾಣುವ ವಿಚಿತ್ರ ಪರಿಸ್ಥಿತಿ ಕೆಳಭಾಗದ ಗ್ರಾಮಗಳದ್ದು.

ಸವದತ್ತಿ ತಾಲ್ಲೂಕಿನ ಮುನವಳ್ಳಿ ಬಳಿ ನವಿಲುತೀರ್ಥದಲ್ಲಿ ನದಿಗೆ ಅಡ್ಡಲಾಗಿ ಕಟ್ಟಲಾದ ರೇಣುಕಾ ಸಾಗರ ಜಲಾಶಯದ ಒಟ್ಟು ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ ಅಡಿ, ಗರಿಷ್ಠ ಮಟ್ಟ 2,079.50 ಅಡಿ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ನೀರಾವರಿಗೂ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕುಡಿಯುವ ನೀರಿಗೂ ಇದೇ ಆಧಾರ. ಜಲಾಶಯದ ಕೆಳಗೆ ಮುನವಳ್ಳಿ ಹಾಗೂ ರಾಮದುರ್ಗ ಪಟ್ಟಣಗಳಿವೆ. ಮುಂದೆ ನದಿಯು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಈ ಭಾಗದ ಹೆಚ್ಚಿನ ಜಮೀನು ಎರೆ ಭೂಮಿ. ಹತ್ತಿ, ಜೋಳ, ಹೆಸರು, ಕಡಲೆ, ಸೋಯಾ, ಗೋವಿನಜೋಳ, ಕಬ್ಬು ಪ್ರಮುಖ ಬೆಳೆಗಳು. ಹಳೆಯ ಊರುಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಇವೆ. ನದಿಯ ನೀರು ಮುಟ್ಟದಿದ್ದರೂ ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದರೆ ಈ ಮನೆಗಳ ಗೋಡೆ ನೆನೆದು ಕುಸಿಯುತ್ತವೆ. ಮಳೆಗಾಲದಲ್ಲಿ ತಹಶೀಲ್ದಾರ್ ಕಚೇರಿಗಳಿಗೆ ಬರುವ ಮನೆ ಹಾನಿ ಅರ್ಜಿಗಳನ್ನು ಅರ್ಥ ಮಾಡಿಕೊಳ್ಳಲು ಈ ಸಂಗತಿ ಗಮನದಲ್ಲಿರಬೇಕು.

2009, 2019, 2023

2009ರ ಸೆಪ್ಟೆಂಬರ್ ಅಂತ್ಯ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆಗೆ 200ಕ್ಕೂ ಹೆಚ್ಚು ಜನರು ಬಲಿಯಾದರು. ನದಿದಂಡೆಯ ಗ್ರಾಮಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಲು ರಾಜ್ಯ ಸರ್ಕಾರ ದಾನಿಗಳ ನೆರವಿನೊಂದಿಗೆ ‘ಆಸರೆ’ ಯೋಜನೆಯನ್ನು ಕೈಗೊಂಡಿತು. ಹೊಸ ಬಡಾವಣೆಗಳು ಹೊಲದಿಂದ ದೂರವಿದ್ದುದು, ದನಕರು ಕಟ್ಟಲು ಜಾಗವಿಲ್ಲದ್ದು, ಮೂಲ ಸೌಕರ್ಯದ ಕೊರತೆ ಮುಂತಾದ ಕಾರಣಗಳಿಂದ ಉತ್ತರ ಕರ್ನಾಟಕದ ಹಲವೆಡೆ ಮನೆಗಳು ಖಾಲಿ ಉಳಿದವು. ಜನರು ಹಳೆಯ ಊರಿಗೇ ಮರಳಿದರು.

ಹಲವು ವರ್ಷ ಭರ್ತಿಯಾಗದೆ ಉಳಿದಿದ್ದ ರೇಣುಕಾ ಸಾಗರ 2019ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ತುಂಬಿತು. ಜಲಾಶಯದಿಂದ ಹೊರಬಿಟ್ಟ ನೀರು ಮುನವಳ್ಳಿ ಮತ್ತು ರಾಮದುರ್ಗದ ತಗ್ಗು ಪ್ರದೇಶಗಳನ್ನು ಆವರಿಸಿತು. ನೇಕಾರಿಕೆಗೆ ಹೆಸರಾದ ರಾಮದುರ್ಗದಲ್ಲಿ ಮನೆಯ ಜೊತೆಗೆ ಮಗ್ಗವೂ ನೀರಿನ ಪಾಲಾಯಿತು. ಆ ವರ್ಷ ರಾಜ್ಯ ಸರ್ಕಾರ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತವೆಂದು ಘೋಷಿಸಿತು. ಬೆಳಗಾವಿ ಅತಿ ಹೆಚ್ಚು ಹಾನಿ ಕಂಡ ಜಿಲ್ಲೆಗಳಲ್ಲಿ ಒಂದಾಗಿತ್ತು.

ನಾಲ್ಕು ವರ್ಷಗಳ ಬಳಿಕ ಚಿತ್ರ ತಿರುಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಹಂತ ಹಂತವಾಗಿ ಘೋಷಣೆಯಾದವು. ಇವುಗಳಲ್ಲಿ 196 ತಾಲ್ಲೂಕುಗಳು ತೀವ್ರ ಬರದ ಪಟ್ಟಿಯಲ್ಲಿದ್ದವು. ರಾಜ್ಯಾದ್ಯಂತ 48 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಪ್ರದೇಶದಲ್ಲಿ ಬೆಳೆ ಹಾನಿಯಾಯಿತು ಎಂದು ಸರ್ಕಾರ ಲೆಕ್ಕ ಹಾಕಿತು.

ಕಾನೂನಿನ ಆಧಾರ

ವಿಪತ್ತು ನಿರ್ವಹಣೆಗೆ ದೇಶದಲ್ಲಿ ಪ್ರತ್ಯೇಕ ಕಾನೂನು ಬಂದುದು 2005ರಲ್ಲಿ. ಗುಜರಾತಿನ 2001ರ ಭೂಕಂಪ ಹಾಗೂ 2004ರ ಸುನಾಮಿಯ ಬಳಿಕ ಸಂಸತ್ತು ವಿಪತ್ತು ನಿರ್ವಹಣಾ ಕಾಯ್ದೆಯನ್ನು ಅಂಗೀಕರಿಸಿತು. ಈ ಕಾಯ್ದೆಯ ಅನ್ವಯ ರಾಷ್ಟ್ರಮಟ್ಟದಲ್ಲಿ ಪ್ರಧಾನಿ, ರಾಜ್ಯಮಟ್ಟದಲ್ಲಿ ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರಗಳಿವೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿಯ ಚುನಾಯಿತ ಅಧ್ಯಕ್ಷರು ಸಹ ಅಧ್ಯಕ್ಷರು. ಪ್ರತಿ ಜಿಲ್ಲೆಯೂ ವಿಪತ್ತು ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಿ ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು ಕಾಯ್ದೆ ಹೇಳುತ್ತದೆ.

ಆದರೆ ಕರ್ನಾಟಕದಲ್ಲಿ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆ ನಡೆಯಲಿಲ್ಲ. ಹೀಗಾಗಿ 2023ರ ಬರದ ವೇಳೆ ಸಹ ಅಧ್ಯಕ್ಷ ಸ್ಥಾನದಲ್ಲಿ ಕೂರಬೇಕಾದ ಜನಪ್ರತಿನಿಧಿಯೇ ಇರಲಿಲ್ಲ ಎಂಬುದು ಗಮನಾರ್ಹ.

2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯು ರಾಷ್ಟ್ರ ಹಾಗೂ ರಾಜ್ಯ ಮಟ್ಟದಲ್ಲಿ ವಿಪತ್ತಿನ ದತ್ತಾಂಶ ಸಂಗ್ರಹವನ್ನು ಕಡ್ಡಾಯಗೊಳಿಸಿದೆ. ರಾಜಧಾನಿ ಹಾಗೂ ಮಹಾನಗರ ಪಾಲಿಕೆಯುಳ್ಳ ದೊಡ್ಡ ನಗರಗಳಿಗೆ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ಅವಕಾಶ ಕಲ್ಪಿಸಿದೆ. ಆದರೆ ರಾಮದುರ್ಗ, ಮುನವಳ್ಳಿಯಂತಹ ನದಿದಂಡೆಯ ಸಣ್ಣ ಪಟ್ಟಣಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಅವು ಜಿಲ್ಲಾ ಯೋಜನೆಯನ್ನೇ ಅವಲಂಬಿಸಬೇಕು.

ನಿಧಿಗಳ ರಚನೆ

ಹಿಂದೆ ಇದ್ದ ವಿಪತ್ತು ಪರಿಹಾರ ನಿಧಿ ಮತ್ತು ರಾಷ್ಟ್ರೀಯ ವಿಪತ್ತು ಆಕಸ್ಮಿಕ ನಿಧಿಗಳ ಬದಲಿಗೆ 13ನೇ ಹಣಕಾಸು ಆಯೋಗದ ಶಿಫಾರಸಿನಂತೆ 2010ರಲ್ಲಿ ಎರಡು ಹೊಸ ನಿಧಿಗಳು ಜಾರಿಗೆ ಬಂದವು. ಎಸ್‌ಡಿಆರ್‌ಎಫ್ ಎಂದು ಕರೆಯಲಾಗುವ ರಾಜ್ಯ ವಿಪತ್ತು ಪರಿಹಾರ ನಿಧಿ ಮೊದಲನೆಯದು. ಎನ್‌ಡಿಆರ್‌ಎಫ್ ಎಂಬ ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿ ಎರಡನೆಯದು. ದೋಣಿ, ಹಗ್ಗ ಹಿಡಿದು ಜನರನ್ನು ರಕ್ಷಿಸುವ ರಾಷ್ಟ್ರೀಯ ಪಡೆಗೂ ಎನ್‌ಡಿಆರ್‌ಎಫ್ ಎಂಬುದೇ ಹೆಸರು. ‘ಎನ್‌ಡಿಆರ್‌ಎಫ್ ಬಂದಿದೆ’ ಎಂಬ ಸುದ್ದಿ ಕೇಳಿದಾಗ ಬಂದದ್ದು ಪಡೆಯೋ ಹಣವೋ ಎಂಬ ಗೊಂದಲ ಉಂಟಾಗಲು ಇದೇ ಕಾರಣ.

15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಎಲ್ಲ ರಾಜ್ಯಗಳಿಗೆ ಸೇರಿ 1,60,153 ಕೋಟಿ ರೂಪಾಯಿ ವಿಪತ್ತು ನಿಧಿಯನ್ನು ಶಿಫಾರಸು ಮಾಡಿತು. ಕರ್ನಾಟಕದಂತಹ ರಾಜ್ಯಗಳಲ್ಲಿ ಇದರ ಶೇ 75 ಭಾಗ ಕೇಂದ್ರದ್ದು, ಶೇ 25 ಭಾಗ ರಾಜ್ಯದ್ದು. ಈ ಆಯೋಗವು ಮಾಡಿದ ಮುಖ್ಯ ಬದಲಾವಣೆಯೆಂದರೆ ಹಣವನ್ನು ಉದ್ದೇಶದ ಆಧಾರದ ಮೇಲೆ ವಿಂಗಡಿಸಿದ್ದು. ಒಟ್ಟು 100 ರೂಪಾಯಿ ಇದೆ ಎಂದುಕೊಂಡರೆ ಹಂಚಿಕೆ ಹೀಗಿತ್ತು:

- ತಕ್ಷಣದ ಸ್ಪಂದನೆ ಮತ್ತು ಪರಿಹಾರಕ್ಕೆ 40 ರೂಪಾಯಿ
- ಪುನಶ್ಚೇತನ ಮತ್ತು ಪುನರ್ನಿರ್ಮಾಣಕ್ಕೆ 30 ರೂಪಾಯಿ
- ಪೂರ್ವಸಿದ್ಧತೆ ಮತ್ತು ಸಾಮರ್ಥ್ಯವೃದ್ಧಿಗೆ 10 ರೂಪಾಯಿ
- ಉಪಶಮನಕ್ಕೆ, ಅಂದರೆ ಹಾನಿಯನ್ನು ಮುಂಚಿತವಾಗಿಯೇ ತಗ್ಗಿಸುವ ಕಾಮಗಾರಿಗೆ 20 ರೂಪಾಯಿ

ಮೊದಲ ಮೂರು ಬಾಬತ್ತುಗಳು ಸೇರಿ ರಾಜ್ಯ ವಿಪತ್ತು ಪರಿಹಾರ ನಿಧಿ. ಕೊನೆಯದು ಪ್ರತ್ಯೇಕ ರಾಜ್ಯ ವಿಪತ್ತು ಉಪಶಮನ ನಿಧಿ. 2005ರ ಕಾಯ್ದೆಯಲ್ಲಿಯೇ ಉಪಶಮನ ನಿಧಿಯ ಪ್ರಸ್ತಾಪವಿದ್ದರೂ ರಾಷ್ಟ್ರಮಟ್ಟದಲ್ಲಿ ಅದು ಸ್ಥಾಪನೆಯಾದದ್ದು 2021ರಲ್ಲಿ. 2026ರ ಏಪ್ರಿಲ್‌ನಿಂದ ಆರಂಭವಾಗುವ ಐದು ವರ್ಷಗಳ ಅವಧಿ 16ನೇ ಹಣಕಾಸು ಆಯೋಗದ ವ್ಯಾಪ್ತಿಗೆ ಸೇರಿದ್ದು.

2023-24ರಲ್ಲಿ ಕರ್ನಾಟಕದ ಎಸ್‌ಡಿಆರ್‌ಎಫ್ ಗಾತ್ರ ಸುಮಾರು 930 ಕೋಟಿ ರೂಪಾಯಿ. ಇದರಲ್ಲಿ ಕೇಂದ್ರದ ಪಾಲು ಸುಮಾರು 697 ಕೋಟಿ. 31 ಜಿಲ್ಲೆಗಳ ನೆರೆ, ಬರ, ಭೂಕುಸಿತ, ಆಲಿಕಲ್ಲು ಮಳೆ, ಅಗ್ನಿ ಅನಾಹುತ ಎಲ್ಲಕ್ಕೂ ಇದೇ ಮೊತ್ತ. ವಿಪತ್ತಿನ ತೀವ್ರತೆ ರಾಜ್ಯದ ಶಕ್ತಿಯನ್ನು ಮೀರಿದಾಗ ಮಾತ್ರ ರಾಷ್ಟ್ರೀಯ ನಿಧಿಯಿಂದ ಹೆಚ್ಚುವರಿ ನೆರವು ದೊರೆಯುತ್ತದೆ. ಆಗಲೂ ರಾಜ್ಯದ ನಿಧಿಯಲ್ಲಿರುವ ಆರಂಭಿಕ ಶಿಲ್ಕಿನ ಶೇ 50ರಷ್ಟನ್ನು ಮೊದಲು ಲೆಕ್ಕಕ್ಕೆ ಹಿಡಿಯಲಾಗುತ್ತದೆ.

ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ ಇವು 15ನೇ ಆಯೋಗದ ಅವಧಿಯ ರಾಷ್ಟ್ರೀಯ ಪಟ್ಟಿಯಲ್ಲಿದ್ದ ವಿಪತ್ತುಗಳು. ಸಿಡಿಲು ಆ ಪಟ್ಟಿಯಲ್ಲಿರಲಿಲ್ಲ. ಇಂತಹ ಸ್ಥಳೀಯ ವಿಪತ್ತುಗಳಿಗೆ ರಾಜ್ಯಗಳು ತಮ್ಮ ನಿಧಿಯ ಶೇ 10ರವರೆಗೆ ಬಳಸಿಕೊಳ್ಳಲು ಅವಕಾಶವಿತ್ತು.

ಯಾವುದಕ್ಕೆ ಎಷ್ಟು?

ಕೇಂದ್ರ ಗೃಹ ಸಚಿವಾಲಯವು 2022-23ರಿಂದ 2025-26ರ ಅವಧಿಗೆ ನಿಗದಿಪಡಿಸಿದ ಮಾರ್ಗಸೂಚಿಯ ಮುಖ್ಯ ದರಗಳು ಕೆಳಗಿನಂತಿವೆ.

- ಮಾನವ ಜೀವಹಾನಿ: 4 ಲಕ್ಷ ರೂಪಾಯಿ. ಕರ್ನಾಟಕ ಸರ್ಕಾರ ತನ್ನ ಪಾಲಿನಿಂದ 1 ಲಕ್ಷ ಸೇರಿಸಿ 5 ಲಕ್ಷ ನೀಡುತ್ತ ಬಂದಿದೆ.
- ಬಯಲು ಪ್ರದೇಶದಲ್ಲಿ ಪೂರ್ಣ ಹಾನಿಯಾದ ಮನೆ: 1.20 ಲಕ್ಷ ರೂಪಾಯಿ
- ಭಾಗಶಃ ಹಾನಿಯಾದ ಪಕ್ಕಾ ಮನೆ: 6,500 ರೂಪಾಯಿ, ಕಚ್ಚಾ ಮನೆ: 4,000 ರೂಪಾಯಿ
- ಬಟ್ಟೆಬರೆಗೆ 2,500, ಪಾತ್ರೆಪಗಡಕ್ಕೆ 2,500 ರೂಪಾಯಿ
- ಮಳೆಯಾಶ್ರಿತ ಬೆಳೆ ಹಾನಿ: ಹೆಕ್ಟೇರ್‌ಗೆ 8,500 ರೂಪಾಯಿ, ನೀರಾವರಿ: 17,000, ಬಹುವಾರ್ಷಿಕ ಬೆಳೆ: 22,500
- ಆಕಳು, ಎಮ್ಮೆ ಸತ್ತರೆ 37,500, ಎತ್ತು 32,000, ಕುರಿ, ಮೇಕೆ 4,000 ರೂಪಾಯಿ
- ಕೈಮಗ್ಗ, ಕರಕುಶಲ ಕೆಲಸಗಾರರ ಉಪಕರಣ ಹಾನಿ: 5,000, ಕಚ್ಚಾ ಸಾಮಗ್ರಿ ಹಾನಿ: 5,000 ರೂಪಾಯಿ

ಬೆಳೆ ಹಾನಿ ಪರಿಹಾರಕ್ಕೆ ಎರಡು ಮಿತಿಗಳಿವೆ. ಹಾನಿ ಕನಿಷ್ಠ ಶೇ 33ರಷ್ಟಿರಬೇಕು. ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರ್‌ಗೆ ಮಾತ್ರ ಪರಿಹಾರ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಅಂದರೆ ಸವದತ್ತಿಯ ಎರೆ ಭೂಮಿಯಲ್ಲಿ ಐದು ಎಕರೆ ಮಳೆಯಾಶ್ರಿತ ಹತ್ತಿ ಬಿತ್ತಿ ಪೂರ್ಣ ಕಳೆದುಕೊಂಡ ರೈತನಿಗೆ ಕೇಂದ್ರದ ದರದಂತೆ ಸಿಗುವುದು ಸುಮಾರು 17,000 ರೂಪಾಯಿ, ಎಕರೆಗೆ ಸರಾಸರಿ 3,400 ರೂಪಾಯಿ. ಹತ್ತು ಎಕರೆ ಕಳೆದುಕೊಂಡವನಿಗೂ ಅಷ್ಟೇ. ನಷ್ಟವನ್ನು ಪೂರ್ಣವಾಗಿ ತುಂಬಿಕೊಡುವುದು ಈ ದರದ ಉದ್ದೇಶವಲ್ಲ. ಮುಂದಿನ ಬಿತ್ತನೆಗೆ ಬೀಜ, ಗೊಬ್ಬರಕ್ಕೆ ನೆರವಾಗಲೆಂಬುದೇ ಇದರ ಆಶಯ. ಅದಕ್ಕಾಗಿಯೇ ಇದನ್ನು ‘ಇನ್‌ಪುಟ್ ಸಬ್ಸಿಡಿ’ ಎಂದು ಕರೆಯಲಾಗುತ್ತದೆ.

ಕೇಂದ್ರದ ದರ ಕಡಿಮೆಯೆಂಬ ಕಾರಣಕ್ಕೆ ರಾಜ್ಯ ಸರ್ಕಾರಗಳು ತಮ್ಮ ಬೊಕ್ಕಸದಿಂದ ಹೆಚ್ಚುವರಿ ನೀಡಿದ ಉದಾಹರಣೆಗಳಿವೆ. 2019ರಲ್ಲಿ ನೆರೆಪೀಡಿತ ಕುಟುಂಬಗಳಿಗೆ ತುರ್ತು ನೆರವಾಗಿ ಎಸ್‌ಡಿಆರ್‌ಎಫ್‌ನ 3,800 ರೂಪಾಯಿಗೆ ರಾಜ್ಯವು 6,200 ಸೇರಿಸಿ 10,000 ರೂಪಾಯಿ ನೀಡಿತು. ಬೆಳೆ ಹಾನಿಗೆ ಹೆಕ್ಟೇರ್‌ಗೆ 10,000 ರೂಪಾಯಿ ಹೆಚ್ಚುವರಿ ಘೋಷಿಸಲಾಯಿತು. ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯಾದ ಮನೆಗೆ 50,000 ರೂಪಾಯಿ ನಿಗದಿಯಾಯಿತು. 2025ರಲ್ಲಿಯೂ ಬೆಳೆ ಹಾನಿಗೆ ಹೆಕ್ಟೇರ್‌ಗೆ 8,500 ರೂಪಾಯಿ ಹೆಚ್ಚುವರಿಯಾಗಿ ನೀಡುವ ತೀರ್ಮಾನವನ್ನು ರಾಜ್ಯ ಸರ್ಕಾರ ಪ್ರಕಟಿಸಿತು. ಇಂತಹ ಹೆಚ್ಚುವರಿ ಮೊತ್ತ ಆಯಾ ವರ್ಷದ ಸರ್ಕಾರಿ ಆದೇಶಕ್ಕೆ ಸೀಮಿತ. ಒಂದು ವರ್ಷ ನೀಡಿದ್ದು ಮರುವರ್ಷ ಹಕ್ಕಾಗಿ ಉಳಿಯುವುದಿಲ್ಲ.

ಕೇಳಿದ್ದು, ದೊರೆತದ್ದು

2019ರ ನೆರೆಯಿಂದ ಸುಮಾರು 35 ಸಾವಿರ ಕೋಟಿ ರೂಪಾಯಿ ನಷ್ಟವಾಗಿದೆ ಎಂದು ರಾಜ್ಯ ಅಂದಾಜಿಸಿತ್ತು. ಕೇಂದ್ರವು ಅದೇ ಅಕ್ಟೋಬರ್‌ನಲ್ಲಿ 1,200 ಕೋಟಿ ರೂಪಾಯಿ ಮಧ್ಯಂತರ ನೆರವು ನೀಡಿತು. 2020ರ ಜನವರಿಯಲ್ಲಿ ಉನ್ನತ ಮಟ್ಟದ ಸಮಿತಿ ಕರ್ನಾಟಕಕ್ಕೆ 1,869.85 ಕೋಟಿ ರೂಪಾಯಿ ನೆರವಿಗೆ ಒಪ್ಪಿಗೆ ಸೂಚಿಸಿತು.

2023ರ ಬರಕ್ಕೆ ರಾಜ್ಯವು 18,171.44 ಕೋಟಿ ರೂಪಾಯಿ ನೆರವು ಕೋರಿತು. ಇದರಲ್ಲಿ ಬೆಳೆ ಹಾನಿಗೆ 4,663.12 ಕೋಟಿ, ಜೀವನೋಪಾಯ ಕಳೆದುಕೊಂಡ ಕುಟುಂಬಗಳಿಗೆ 12,577.86 ಕೋಟಿ, ಕುಡಿಯುವ ನೀರಿಗೆ 566.78 ಕೋಟಿ, ಜಾನುವಾರು ಸಂರಕ್ಷಣೆಗೆ 363.68 ಕೋಟಿ ಸೇರಿತ್ತು. ಹಣ ಬರುವುದು ತಡವಾದ ಕಾರಣ ರಾಜ್ಯವು 2024ರ ಜನವರಿಯಲ್ಲಿ ಪ್ರತಿ ರೈತನಿಗೆ ಗರಿಷ್ಠ 2,000 ರೂಪಾಯಿ ಮೊದಲ ಕಂತಾಗಿ ಪಾವತಿಸಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಅಂತ್ಯದಲ್ಲಿ ಕೇಂದ್ರವು 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಮುಂಗಾರಿನಲ್ಲಿ ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರದ ದೊಡ್ಡ ಭಾಗ ಮುಂದಿನ ಮುಂಗಾರಿನ ಹೊಸ್ತಿಲಲ್ಲಿ ದೊರೆಯಿತು.

ರಾಜ್ಯ ಕೇಳುವ ಮೊತ್ತಕ್ಕೂ ದೊರೆಯುವ ಮೊತ್ತಕ್ಕೂ ಇಷ್ಟು ಅಂತರ ಏಕೆ ಎಂಬುದಕ್ಕೆ ನಿಯಮದಲ್ಲಿಯೇ ಉತ್ತರವಿದೆ. ಒಟ್ಟು ನಷ್ಟವೆಂದರೆ ಹಾಳಾದ ಆಸ್ತಿ ಹಾಗೂ ಬೆಳೆಯ ಪೂರ್ಣ ಮೌಲ್ಯ. ಕೇಂದ್ರ ತಂಡ ಲೆಕ್ಕ ಹಾಕುವುದು ಮಾರ್ಗಸೂಚಿಯ ದರ, ಹೆಕ್ಟೇರ್ ಮಿತಿ ಹಾಗೂ ಅರ್ಹ ಬಾಬತ್ತುಗಳನ್ನು ಮಾತ್ರ. ಇವೆರಡರ ನಡುವಿನ ಹೊರೆ ರಾಜ್ಯದ ಮೇಲೆ, ಅಂತಿಮವಾಗಿ ಸಂತ್ರಸ್ತ ಕುಟುಂಬದ ಮೇಲೆ ಬೀಳುತ್ತದೆ.

ಹಣ ಖಾತೆ ತಲುಪುವ ದಾರಿ

ನೆರೆ ಇಳಿದ ಮೇಲೆ ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಸಿಬ್ಬಂದಿ ಜಂಟಿ ಸಮೀಕ್ಷೆ ನಡೆಸುತ್ತಾರೆ. ಗ್ರಾಮ ಆಡಳಿತಾಧಿಕಾರಿ ಹಾನಿಯ ವಿವರವನ್ನು ದಾಖಲಿಸುತ್ತಾರೆ. ಮನೆ ಹಾನಿಗೆ ಎಂಜಿನಿಯರ್ ವರದಿ ಅಗತ್ಯ. ತಹಶೀಲ್ದಾರ್ ಕಚೇರಿಯಲ್ಲಿ ವಿವರವನ್ನು ‘ಪರಿಹಾರ’ ತಂತ್ರಾಂಶಕ್ಕೆ ಸೇರಿಸಲಾಗುತ್ತದೆ. ಪಹಣಿ ಹಾಗೂ ರೈತರ ‘ಫ್ರೂಟ್ಸ್’ ಗುರುತಿನ ಸಂಖ್ಯೆಯೊಂದಿಗೆ ತಾಳೆ ನೋಡಿದ ಬಳಿಕ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಹಣ ನೇರವಾಗಿ ಜಮೆಯಾಗುತ್ತದೆ. ಬೈಲಹೊಂಗಲದಲ್ಲಿರುವ ಉಪವಿಭಾಗಾಧಿಕಾರಿ ಕಚೇರಿ ಹಾಗೂ ಬೆಳಗಾವಿಯ ಜಿಲ್ಲಾಧಿಕಾರಿ ಕಚೇರಿ ಮೇಲುಸ್ತುವಾರಿ ವಹಿಸುತ್ತವೆ.

2019ರ ಮನೆ ಪರಿಹಾರವನ್ನು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಕಂತುಗಳಲ್ಲಿ ನೀಡಲಾಯಿತು. ತಳಪಾಯ, ಗೋಡೆ, ಛಾವಣಿ ಹೀಗೆ ಪ್ರತಿ ಹಂತದ ಛಾಯಾಚಿತ್ರ ದಾಖಲಾದ ಬಳಿಕವೇ ಮುಂದಿನ ಕಂತು. ಕೈಯಲ್ಲಿ ಕಾಸಿದ್ದವರು ಸಾಲ ಮಾಡಿಯಾದರೂ ಮುಂದಿನ ಹಂತ ಮುಟ್ಟಿದರು. ಇಲ್ಲದವರ ಮನೆ ಅರ್ಧಕ್ಕೇ ನಿಂತಿತು.

ಹೊರಗುಳಿಯುವವರು

ಈ ವ್ಯವಸ್ಥೆಯಲ್ಲಿ ಹಣ ದಾಖಲೆಯನ್ನು ಹಿಂಬಾಲಿಸುತ್ತದೆ. ದಾಖಲೆ ಇಲ್ಲದವರು ಎಷ್ಟೇ ನಷ್ಟ ಅನುಭವಿಸಿದ್ದರೂ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಮೊದಲನೆಯವರು ಬೇರೆಯವರ ಹೊಲವನ್ನು ಲಾವಣಿಗೆ ಅಥವಾ ಪಾಲಿಗೆ ಹಿಡಿದು ಉಳುವವರು. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಯಾದ ತಿದ್ದುಪಡಿಯ ಬಳಿಕ ಕರ್ನಾಟಕದಲ್ಲಿ ಗೇಣಿ ಪದ್ಧತಿ ನಿಷಿದ್ಧ. ಆದ್ದರಿಂದ ಈ ಒಪ್ಪಂದಗಳು ಬಾಯಿಮಾತಿನವು. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲವನ್ನೂ ಹಾಕಿದವನು ಒಬ್ಬ, ಪರಿಹಾರ ಜಮೆಯಾಗುವುದು ಉತಾರದಲ್ಲಿ ಹೆಸರಿರುವ ಇನ್ನೊಬ್ಬನಿಗೆ.

ಎರಡನೆಯವರು ತೀರಿಕೊಂಡ ತಂದೆ, ಅಜ್ಜನ ಹೆಸರಿನಲ್ಲಿಯೇ ಉತಾರ ಉಳಿದಿರುವ ಕುಟುಂಬಗಳು. ಪೌತಿ ಖಾತೆ ಬದಲಾವಣೆಯಾಗದಿದ್ದರೆ ಫ್ರೂಟ್ಸ್ ನೋಂದಣಿ ಸಾಧ್ಯವಾಗದೆ ಹಣ ನಿಂತುಹೋಗುತ್ತದೆ. ಮೂರನೆಯವರು ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿರುವ ಅಣ್ಣತಮ್ಮಂದಿರು. ಮನೆ ಪರಿಹಾರದ ಲೆಕ್ಕ ಮನೆಗೊಂದರಂತೆ, ಒಲೆಗೊಂದರಂತೆ ಅಲ್ಲ. ನಾಲ್ಕನೆಯವರು ಕೂಲಿಕಾರರು. ಬೆಳೆ ಹೋದರೆ ಕಳೆ ತೆಗೆಯುವ, ಹತ್ತಿ ಬಿಡಿಸುವ ಕೆಲಸವೂ ಹೋಗುತ್ತದೆ. ಆದರೆ ಬೆಳೆ ಪರಿಹಾರದಲ್ಲಿ ಕೂಲಿ ನಷ್ಟಕ್ಕೆ ಸ್ಥಾನವಿಲ್ಲ. ನೇಕಾರರ ಸ್ಥಿತಿಯೂ ಭಿನ್ನವಲ್ಲ. ಮಗ್ಗವೊಂದರ ಬೆಲೆಯ ಮುಂದೆ 5,000 ರೂಪಾಯಿ ಯಾವ ಲೆಕ್ಕಕ್ಕೂ ಸಾಲದು.

ಮುಂಚಿತ ವೆಚ್ಚ

ನೂರು ರೂಪಾಯಿಯಲ್ಲಿ ಉಪಶಮನಕ್ಕೆ ಇಪ್ಪತ್ತು, ಪೂರ್ವಸಿದ್ಧತೆಗೆ ಹತ್ತು ಎಂಬ ಹಂಚಿಕೆಯ ಹಿಂದೆ ಸರಳ ತರ್ಕವಿದೆ. ಮನೆ ಬಿದ್ದ ಮೇಲೆ ಕಟ್ಟಿಕೊಡುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಅಗ್ಗ. ಮಲಪ್ರಭಾ ದಂಡೆಯಲ್ಲಿ ಇಂತಹ ಕೆಲಸಗಳ ಪಟ್ಟಿ ಉದ್ದವಾಗಿದೆ. ಹಳ್ಳ ಹಾಗೂ ನದಿಪಾತ್ರದ ಒತ್ತುವರಿ ತೆರವು, ಹೂಳೆತ್ತುವುದು, ದಂಡೆಗೆ ತಡೆಗೋಡೆ, ನೀರಿನಲ್ಲಿ ಮುಳುಗುವ ತಗ್ಗು ಸೇತುವೆಗಳ ಎತ್ತರಿಕೆ, ಮಣ್ಣಿನ ಮನೆಗಳ ಬದಲಾವಣೆ, ಕಾಳಜಿ ಕೇಂದ್ರಗಳಾಗಿ ಬಳಸುವ ಶಾಲೆಗಳಿಗೆ ಶೌಚಾಲಯ ಮತ್ತು ವಿದ್ಯುತ್ ಇವು ಕೆಲವು.

ಜಲಾಶಯದ ನಿರ್ವಹಣೆ ಇದರಲ್ಲಿ ಅತ್ಯಂತ ಸೂಕ್ಷ್ಮವಾದ ವಿಷಯ. 1 ಟಿಎಂಸಿ ಅಡಿ ನೀರನ್ನು ಒಂದು ದಿನದಲ್ಲಿ ಹೊರಬಿಡಬೇಕಾದರೆ ಇಡೀ ದಿನ ಸುಮಾರು 11,574 ಕ್ಯೂಸೆಕ್ ಹರಿಯಬೇಕು. ಮೊದಲೇ ಜಾಗ ಖಾಲಿ ಇಟ್ಟುಕೊಂಡರೆ ದಿಢೀರನೆ ಹೆಚ್ಚು ನೀರು ಬಿಡುವ ಪ್ರಸಂಗ ತಪ್ಪುತ್ತದೆ. ಆದರೆ ಮುಂದೆ ಮಳೆ ಬಾರದಿದ್ದರೆ ನಾಲ್ಕು ಜಿಲ್ಲೆಗಳ ಕಾಲುವೆಗೂ ಅವಳಿ ನಗರದ ನಲ್ಲಿಗೂ ನೀರಿನ ಕೊರತೆ. ಸತತ ಬರ ಕಂಡ ಜಲಾಶಯದಲ್ಲಿ ಹನಿ ನೀರನ್ನೂ ಬಿಡಲು ಮನಸ್ಸು ಬಾರದಿರುವುದು ಸಹಜ. ಈ ಇಕ್ಕಟ್ಟಿನಲ್ಲಿ ನೆರವಾಗುವುದು ನಿಖರ ಮುನ್ಸೂಚನೆ ಮಾತ್ರ. 1988ರಲ್ಲಿ ಬರ ನಿರ್ವಹಣಾ ಕೋಶವಾಗಿ ಆರಂಭವಾಗಿ 2007ರಲ್ಲಿ ಮರುನಾಮಕರಣಗೊಂಡ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಹೊಂದಿದೆ. ಜಲಾಶಯಗಳ ನಿತ್ಯದ ಮಟ್ಟವನ್ನೂ ಪ್ರಕಟಿಸುತ್ತದೆ. ಇದರ ‘ವರುಣಮಿತ್ರ’ ದೂರವಾಣಿ ಸೇವೆಯ ಮೂಲಕ ರೈತರು ಹವಾಮಾನ ಮಾಹಿತಿ ಪಡೆಯಬಹುದು.

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆಯು ದೊಡ್ಡ ಅಣೆಕಟ್ಟೆಗಳಿಗೆ ತುರ್ತು ಕ್ರಿಯಾಯೋಜನೆಯನ್ನು ಕಡ್ಡಾಯಗೊಳಿಸಿದೆ. ಎಷ್ಟು ನೀರು ಬಿಟ್ಟರೆ ಕೆಳಗಿನ ಯಾವ ಓಣಿಗೆ ನೀರು ಬರುತ್ತದೆ ಎಂಬ ನಕ್ಷೆ ಇಂತಹ ಯೋಜನೆಯ ತಿರುಳು. ಅದು ಕಚೇರಿಯ ಕಪಾಟಿನಲ್ಲಿ ಉಳಿಯದೆ ಪುರಸಭೆ ಹಾಗೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬಂದಾಗ ಮಾತ್ರ ಡಂಗುರ, ಧ್ವನಿವರ್ಧಕದ ಎಚ್ಚರಿಕೆಗೆ ಅರ್ಥ ಬರುತ್ತದೆ.

ಬರ ತಡೆಯುವ ವೆಚ್ಚ ಬೇರೆ ಬೇರೆ ಶೀರ್ಷಿಕೆಗಳಡಿ ಹಂಚಿಹೋಗಿದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ಕೃಷಿ ಹೊಂಡಗಳಿಗೆ ನೆರವು ನೀಡಲಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಬದು ನಿರ್ಮಾಣ, ಕೆರೆ ಹೂಳೆತ್ತುವ ಕಾಮಗಾರಿಗಳು ನಡೆದವು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಬದಲಿಗೆ 125 ದಿನಗಳ ಉದ್ಯೋಗದ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಹವಾಮಾನ ವೈಪರೀತ್ಯದ ಹಾನಿ ತಗ್ಗಿಸುವ ಕಾಮಗಾರಿಗಳನ್ನು ಹೊಸ ಕಾಯ್ದೆಯ ನಾಲ್ಕು ಆದ್ಯತೆಗಳಲ್ಲಿ ಒಂದಾಗಿ ಹೆಸರಿಸಲಾಗಿದೆ. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಹಳ್ಳದ ಕಾಮಗಾರಿ ಸೇರಬೇಕಾದರೆ ಗ್ರಾಮಸಭೆಯಲ್ಲಿಯೇ ಬೇಡಿಕೆ ಮಂಡನೆಯಾಗಬೇಕು.

ವಿಮೆ ಬೇರೆ, ಪರಿಹಾರ ಬೇರೆ

ಬೆಳೆ ವಿಮೆ ಹಾಗೂ ಬೆಳೆ ಪರಿಹಾರ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪರಿಹಾರಕ್ಕೆ ಕಂತು ಕಟ್ಟಬೇಕಾಗಿಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರು ಮುಂಗಾರು ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಗರಿಷ್ಠ ಶೇ 5 ಪಾಲು ಕಟ್ಟುತ್ತಾರೆ. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. ಕರ್ನಾಟಕದಲ್ಲಿ ನೋಂದಣಿ ‘ಸಂರಕ್ಷಣೆ’ ಪೋರ್ಟಲ್ ಮೂಲಕ ನಡೆಯುತ್ತದೆ. ಸಾಮಾನ್ಯವಾಗಿ ವಿಮಾ ಹಣ ಆಯಾ ಘಟಕದ ಸರಾಸರಿ ಇಳುವರಿಯನ್ನು ಆಧರಿಸಿ ನಿರ್ಧಾರವಾಗುತ್ತದೆ. ಆಲಿಕಲ್ಲು, ನೀರು ನಿಲ್ಲುವಂತಹ ಸ್ಥಳೀಯ ಹಾನಿಗೆ 72 ಗಂಟೆಯೊಳಗೆ ಮಾಹಿತಿ ನೀಡಿದರೆ ಹೊಲವಾರು ಪರಿಶೀಲನೆಗೆ ಅವಕಾಶವಿದೆ.

ಗಮನಿಸಬೇಕಾದ ಅಂಶಗಳು

ಮಳೆಗಾಲಕ್ಕೆ ಮುನ್ನ ಪ್ರತಿ ಕುಟುಂಬ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಉತಾರದಲ್ಲಿ ಬದುಕಿರುವವರ ಹೆಸರಿದೆಯೇ, ಎಲ್ಲ ಸರ್ವೆ ನಂಬರುಗಳು ಫ್ರೂಟ್ಸ್‌ಗೆ ಸೇರಿವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಬೆಳೆ ಸಮೀಕ್ಷೆಯಲ್ಲಿ ಬಿತ್ತಿದ ಬೆಳೆಯೇ ದಾಖಲಾಗಿದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳಬೇಕು. ಮನೆಯ ಆಸ್ತಿ ದಾಖಲೆ ಪಂಚಾಯಿತಿಯಲ್ಲಿ ಸರಿಯಾಗಿರಬೇಕು. ಹಾನಿಯಾದಾಗ ಅವಶೇಷ ತೆಗೆಯುವ ಮೊದಲು ಛಾಯಾಚಿತ್ರ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ಲಿಖಿತ ಮಾಹಿತಿ ನೀಡಿ ಸ್ವೀಕೃತಿ ಪಡೆಯುವುದು ಒಳಿತು. ದನಕರು ಸತ್ತರೆ ಪಶುವೈದ್ಯರ ಮರಣೋತ್ತರ ವರದಿ ಬೇಕು. ತುರ್ತು ಸಂದರ್ಭದಲ್ಲಿ ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ಕರೆ ಮಾಡಬಹುದು.

ಸಂತ್ರಸ್ತರ ಪಟ್ಟಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟವಾಗಿದೆಯೇ ಎಂದು ಕೇಳುವುದು ಹಾಗೂ ಹೆಸರು ಬಿಟ್ಟಿದ್ದರೆ ತಹಶೀಲ್ದಾರರಿಗೆ ಆಕ್ಷೇಪಣೆ ಸಲ್ಲಿಸುವುದು ನಾಗರಿಕರ ಹಕ್ಕು. ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ತಮ್ಮ ಊರಿನ ಹೆಸರಿದೆಯೇ, ಉಪಶಮನ ನಿಧಿಯಿಂದ ತಮ್ಮ ಹಳ್ಳ, ಸೇತುವೆಗೆ ಪ್ರಸ್ತಾವನೆ ಹೋಗಿದೆಯೇ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ತಿಳಿಯಲೂ ಅವಕಾಶವಿದೆ. ಪರಿಹಾರದ ಕುರಿತು ನೆರೆ ಬಂದ ಮೇಲೆ ಎಲ್ಲರೂ ವಿಚಾರಿಸುತ್ತಾರೆ. ಮುಂಚಿತ ಕಾಮಗಾರಿಯ ಕುರಿತು ಬೇಸಿಗೆಯಲ್ಲಿಯೇ ವಿಚಾರಿಸುವ ರೂಢಿ ನದಿದಂಡೆಯ ಊರುಗಳಲ್ಲಿ ಇನ್ನೂ ಬೆಳೆಯಬೇಕಾಗಿದೆ.